ಆನ್‌ಲೈನ್ ಕಾಲೇಜು ಎಲ್ಲರಿಗೂ ಒಗ್ಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಭಾನುವಾರದ ಸಂಪರ್ಕ ತರಗತಿಗಳನ್ನೂ ಹಲವು ವರ್ಷ ತೆಗೆದುಕೊಂಡಿದ್ದೇನೆ. ಪಿಯುಸಿ ಫಲಿತಾಂಶ ಬಂದ ದಿನದಿಂದ ಡಿಗ್ರಿ ಪ್ರವೇಶ ಮುಗಿಯುವವರೆಗೆ ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ಕೇಳುವುದು ಇದನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. ನಿಮಗೆ ಬೇಕಾದದ್ದನ್ನಷ್ಟೇ ಓದಿಕೊಂಡರೂ ಅಡ್ಡಿಯಿಲ್ಲ.

## ಮೊದಲ ಪ್ರಶ್ನೆಗಳು

ಆನ್‌ಲೈನ್ ಕಾಲೇಜು ಅಂದ್ರೆ ಕೊರೊನಾ ಟೈಮಲ್ಲಿ ಝೂಮಲ್ಲಿ ಪಾಠ ಮಾಡಿದ್ರಲ್ಲ, ಅದೇನಾ ಮೇಡಂ?

ಅದಲ್ಲ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ನಾವು ಮಾಡಿದ್ದು ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಎರಚಿದಂಥ ಕೆಲಸ. ಕಪ್ಪುಹಲಗೆಯ ಮುಂದೆ ಹೇಳುವ ಪಾಠವನ್ನೇ ಫೋನಿನ ಮುಂದೆ ಕೂತು ಒಂದು ಗಂಟೆ ಹೇಳಿದೆವು. ಕೇಳಿದವರೆಷ್ಟು, ಸ್ವಿಚ್ ಹಾಕಿ ಹೊರಗೆ ಹೋದವರೆಷ್ಟು ಎಂಬುದು ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಆ ವರ್ಷದ ನವೆಂಬರ್ 17ರಂದು ಕಾಲೇಜಿನ ಬಾಗಿಲು ಮತ್ತೆ ತೆರೆದಾಗ ಬಂದ ಮಕ್ಕಳ ಮುಖ ನೋಡಿಯೇ ಏನು ತಲುಪಿತ್ತು, ಏನು ತಲುಪಿರಲಿಲ್ಲ ಎಂಬುದು ತಿಳಿದದ್ದು.

ಮೊದಲಿನಿಂದಲೂ ಆನ್‌ಲೈನ್‌ಗೆಂದೇ ಸಿದ್ಧವಾದ ಕೋರ್ಸ್ ಬೇರೆಯದೇ ರೀತಿಯದು. ಪಾಠವನ್ನು ಚಿಕ್ಕ ಚಿಕ್ಕ ವಿಡಿಯೋಗಳಾಗಿ ಕತ್ತರಿಸಿರುತ್ತಾರೆ, ಜೊತೆಗೆ ಓದಲು ಬರಹ, ಸಂದೇಹ ಕೇಳಲು ಚರ್ಚೆಯ ಜಾಗ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ಪ್ರಶ್ನೆಗಳು. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದ ಕೋರ್ಸ್‌ಗಳು ಈ ನಾಲ್ಕು ಕಂಬಗಳ ಮೇಲೇ ನಿಂತಿವೆ. ಕೊರೊನಾ ಕಾಲದ ಕಹಿ ನೆನಪಿನಿಂದ ಆನ್‌ಲೈನ್ ಬೇಡವೇ ಬೇಡ ಎನ್ನುವುದೂ ಸರಿಯಲ್ಲ. ಆಗ ಹೇಗೋ ಪಾಸಾದೆವಲ್ಲ ಎಂಬ ಧೈರ್ಯದಲ್ಲಿ ಸೇರುವುದು ಅದಕ್ಕಿಂತ ಅಪಾಯ.

ದೂರಶಿಕ್ಷಣ, ಆನ್‌ಲೈನ್ ಡಿಗ್ರಿ, ಸ್ವಯಂ ಕೋರ್ಸ್, ಮೂರೂ ಒಂದೇ ತಾನೆ?

ಮೂರೂ ಬೇರೆ. ನಮ್ಮ ರಾಜ್ಯದಲ್ಲಿ ದೂರದಲ್ಲಿದ್ದು ಓದುವುದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಕಳಿಸಲು ಶುರು ಮಾಡಿತ್ತು. ಹಳಬರು ಈಗಲೂ ‘ಅಂಚೆ ತೆರಪಿನ ಶಿಕ್ಷಣ’ ಎನ್ನುವುದು ಅದನ್ನೇ. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಲ್ಲಿ ಪುಸ್ತಕ ಕೊಡುತ್ತಾರೆ, ವರ್ಷಕ್ಕೆ ಕೆಲವು ದಿನ ಸಂಪರ್ಕ ತರಗತಿ ಇರುತ್ತದೆ, ಅಸೈನ್‌ಮೆಂಟ್ ಬರೆದು ಪರೀಕ್ಷೆ ಕಟ್ಟಬೇಕು. ಇದು ದೂರಶಿಕ್ಷಣ.

ಆನ್‌ಲೈನ್ ಡಿಗ್ರಿಯಲ್ಲಿ ಪ್ರವೇಶದಿಂದ ಪಾಠದವರೆಗೆ ಎಲ್ಲವೂ ಅಂತರ್ಜಾಲದಲ್ಲೇ ನಡೆಯುತ್ತದೆ. ಇದಕ್ಕೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯೇ ಆಧಾರ. ಸ್ವಯಂ ಡಿಗ್ರಿ ಕೊಡುವ ಸಂಸ್ಥೆಯಲ್ಲ. 2017ರ ಜುಲೈನಲ್ಲಿ ಶುರುವಾದ ಅದರಲ್ಲಿ ಬಿಡಿ ಬಿಡಿ ಕೋರ್ಸ್‌ಗಳಿರುತ್ತವೆ; ಕಲಿಯಲು ಹಣ ಬೇಡ, ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು.

ಸುತ್ತಿ ಬಳಸಿ ಬೇಡ, ಒಂದೇ ಮಾತಲ್ಲಿ ಹೇಳಿ: ಎಲ್ಲರಿಗೂ ಆಗುತ್ತಾ, ಇಲ್ವಾ?

ಆಗುವುದಿಲ್ಲ. ಯಾರಿಗೆ ಆಗುತ್ತದೆ ಎಂಬುದು ಬುದ್ಧಿವಂತಿಕೆಗಿಂತ ಹೆಚ್ಚಾಗಿ ಅವರ ದಿನಚರಿಯ ಮೇಲೆ ನಿಂತಿದೆ. ಬೆಳಿಗ್ಗೆ ಏಳಕ್ಕೆ ಎದ್ದು, ಒಂಬತ್ತಕ್ಕೆ ಕೆಲಸಕ್ಕೆ ಹೋಗಿ, ರಾತ್ರಿ ಎಂಟಕ್ಕೆ ಪುಸ್ತಕ ಹಿಡಿಯುವ ಅಭ್ಯಾಸ ಈಗಾಗಲೇ ಇರುವವರಿಗೆ ಆನ್‌ಲೈನ್ ವರ. ಗಂಟೆ ಬಾರಿಸಿದರೆ ಮಾತ್ರ ಕೂರುವ ಹದಿನೆಂಟರ ಹುಡುಗನಿಗೆ ಆ ಗಂಟೆಯನ್ನೇ ಕಿತ್ತುಕೊಂಡಂತಾಗುತ್ತದೆ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳು ನಮ್ಮ ತಾಲ್ಲೂಕು ಕಾಲೇಜುಗಳ ಹಾಗೆ, ಸಾಮಾನ್ಯ ಮನೆಯ ಮಕ್ಕಳು ಓದುವ ಜಾಗ. ಅಲ್ಲಿ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತೆಗೆದುಕೊಂಡ ಸುಮಾರು 5 ಲಕ್ಷ ಕೋರ್ಸ್‌ಗಳ ಫಲಿತಾಂಶವನ್ನು ಸಂಶೋಧಕರು ತಾಳೆ ನೋಡಿ 2014ರಲ್ಲಿ ಪ್ರಕಟಿಸಿದರು. ಎಲ್ಲ ಬಗೆಯ ವಿದ್ಯಾರ್ಥಿಗಳೂ ಆನ್‌ಲೈನ್ ತರಗತಿಯಲ್ಲಿ ಸ್ವಲ್ಪ ಹಿಂದೆ ಬಿದ್ದಿದ್ದರು. ಆದರೆ ಎಲ್ಲರೂ ಒಂದೇ ಸಮ ಬಿದ್ದಿರಲಿಲ್ಲ. ಹುಡುಗರು, ಚಿಕ್ಕ ವಯಸ್ಸಿನವರು, ಕಪ್ಪು ಜನಾಂಗದ ವಿದ್ಯಾರ್ಥಿಗಳು, ಮೊದಲೇ ಕಡಿಮೆ ಅಂಕ ತೆಗೆಯುತ್ತಿದ್ದವರು ಹೆಚ್ಚು ಕುಸಿದಿದ್ದರು. ವಯಸ್ಸಾದವರು ಅಷ್ಟಾಗಿ ಕುಸಿದಿರಲಿಲ್ಲ. ಅಂದರೆ ತರಗತಿಯಲ್ಲಿದ್ದ ಅಂತರ ಪರದೆಯ ಮುಂದೆ ಇನ್ನಷ್ಟು ಅಗಲವಾಯಿತು. ಊರು ಯಾವುದಾದರೇನು, ನನ್ನ ತರಗತಿಯಲ್ಲಿ ನಾನು ಕಂಡದ್ದೂ ಇದನ್ನೇ.

ಮಗ ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಉಳಿಸಿಕೊಂಡು ಆಮೇಲೆ ಪಾಸಾದ. ಕಾಲೇಜಿಗೆ ಹೋಗೋಕೆ ಬೇಜಾರಂತೆ, ಆನ್‌ಲೈನ್ ಸೇರಿಸಲಾ?

ದಯವಿಟ್ಟು ಬೇಡ. ಓದಿನಲ್ಲಿ ಸೋತು ಮುದುಡಿದ ಹುಡುಗನನ್ನು ಒಂಟಿಯಾಗಿ ಫೋನಿನ ಮುಂದೆ ಕೂರಿಸುವುದೆಂದರೆ ಈಜು ಬಾರದವನನ್ನು ಹೊಳೆಯ ಮಡುವಿನಲ್ಲಿ ಬಿಟ್ಟ ಹಾಗೆ. ಅವನಿಗೆ ಈಗ ಬೇಕಿರುವುದು ಅವನ ಹೆಸರು ಹಿಡಿದು ಕರೆಯುವ ಒಬ್ಬರು ಮೇಷ್ಟ್ರು, ಪಕ್ಕದಲ್ಲಿ ಕೂತು ‘ಬಾರೋ, ಈ ಲೆಕ್ಕ ಹೀಗೆ’ ಅನ್ನುವ ಒಬ್ಬ ಗೆಳೆಯ. ಮೊದಲು ಅವನಿಗೆ ಯಾತಕ್ಕೆ ಬೇಜಾರು ಎಂದು ಕೇಳಿ ನೋಡಿ. ಬಸ್ಸಿನ ತೊಂದರೆಯೋ, ಯಾರಾದರೂ ಅಣಕಿಸಿದರೋ, ಇಂಗ್ಲಿಷಿನ ಹೆದರಿಕೆಯೋ? ಆನ್‌ಲೈನ್‌ಗೆ ಸೇರಿಸಿದರೆ ಇವುಗಳಲ್ಲಿ ಬಸ್ಸಿನ ತೊಂದರೆಯೊಂದೇ ತೀರುತ್ತದೆ.

## ಸೇರುವ ಮುನ್ನ

ಮಗಳನ್ನು ದಿನಾ ಅಷ್ಟು ದೂರ ಕಳಿಸೋಕೆ ಭಯ. ಮನೆಯಲ್ಲೇ ಕೂತು ಡಿಗ್ರಿ ಮಾಡಿದರೆ ಅದೂ ಡಿಗ್ರಿಯೇ ಅಲ್ವಾ?

ಈ ಪ್ರಶ್ನೆಗೆ ನಾನು ಉದ್ದಕ್ಕೆ ಉತ್ತರ ಕೊಡುತ್ತೇನೆ, ಏಕೆಂದರೆ ನನ್ನನ್ನು ಅತಿ ಹೆಚ್ಚು ನೋಯಿಸುವ ಪ್ರಶ್ನೆ ಇದು.

2020ರ ಕೊನೆಯಲ್ಲಿ, ಕೊನೆಯ ವರ್ಷದವರು ಕಾಲೇಜಿಗೆ ಬರತೊಡಗಿದ ಮೇಲೂ ಕೆಳಗಿನ ತರಗತಿಗಳಿಗೆ ಫೋನಿನಲ್ಲೇ ಪಾಠ ನಡೆಯುತ್ತಿತ್ತು. ನಮ್ಮ ಕಡೆ ಅದು ಅಡಿಕೆ ಕೊಯ್ಲಿನ ಕಾಲ. ಒಂದು ದಿನ ಎರಡನೇ ವರ್ಷದ ಹುಡುಗಿಯೊಬ್ಬಳು ತಪ್ಪಿ ಮೈಕ್ ಆನ್ ಮಾಡಿದಳು. ಹಿಂದೆ ನಾಲ್ಕಾರು ಜನರ ಮಾತು, ಅಡಿಕೆ ಕಾಯಿ ಬುಟ್ಟಿಗೆ ಬೀಳುವ ಸದ್ದು. ಅವಳು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ವೆಚ್ಚ ಲೆಕ್ಕಶಾಸ್ತ್ರದ ಪಾಠ ಕೇಳುತ್ತಿದ್ದಳು. ‘ಸಾರಿ ಮೇಡಂ’ ಎಂದು ಆಫ್ ಮಾಡಿದಳು. ವೆಚ್ಚ ಪಟ್ಟಿಯನ್ನು ಕೈಯಲ್ಲಿ ಬರೆಯದೆ ಕಿವಿಯಲ್ಲಿ ಕೇಳಿ ಕಲಿಯಲು ಸಾಧ್ಯವೇ ಇಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಯಾರಿಗೆ ಹೇಳುತ್ತಾಳೆ?

ಮನೆಯವರು ಕೆಟ್ಟವರಲ್ಲ. ಹೆಣ್ಣುಮಗಳು ಕಣ್ಣೆದುರಿಗೆ ಇದ್ದರೆ ‘ಮನೇಲೇ ಇದ್ದೀಯಲ್ಲ, ಒಂಚೂರು ಡೇರಿಗೆ ಹಾಲು ಹಾಕಿ ಬಾ’, ‘ಮನೇಲೇ ಇದ್ದೀಯಲ್ಲ, ಅಜ್ಜಿಗೆ ಕಾಫಿ ಮಾಡಿಕೊಡು’ ಎಂಬ ಮಾತು ತಾನಾಗಿ ಬರುತ್ತದೆ. ಅದೇ ಹುಡುಗಿ ಎಂಟೂಕಾಲಿನ ಬಸ್ಸು ಹತ್ತಿದಳೆಂದರೆ ಸಂಜೆಯವರೆಗೆ ಯಾರೂ ಅವಳನ್ನು ಕರೆಯುವುದಿಲ್ಲ. ಗ್ರಂಥಾಲಯದ ಒಂದು ಗಂಟೆ, ಗೆಳತಿಯರ ಜೊತೆಗಿನ ಮಾತು, ಎನ್ನೆಸ್ಸೆಸ್ ಶಿಬಿರ, ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುವುದು ಹೇಗೆಂದು ಹೇಳಿಕೊಡುವ ಸೀನಿಯರ್, ಇವ್ಯಾವೂ ಅಂಕಪಟ್ಟಿಯಲ್ಲಿ ಬರುವುದಿಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯರು ಕೆಲಸ ಸಿಕ್ಕಿದ ಮೇಲೆ ಬಂದು ನೆನೆಯುವುದು ಇವನ್ನೇ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬಸ್ ಚಾರ್ಜಿನ ಕಾರಣ ಹೇಳುತ್ತಿದ್ದ ಮನೆಗಳಲ್ಲಿ ಆ ಕಾರಣ ಈಗ ಬಹುಮಟ್ಟಿಗೆ ಹೋಗಿದೆ. ದೂರವೇ ಭಯವಾದರೆ ಹಾಸ್ಟೆಲ್ ನೋಡಿ, ಅದೇ ದಾರಿಯಲ್ಲಿ ಬರುವ ಇನ್ನೊಬ್ಬ ಹುಡುಗಿಯನ್ನು ಜೊತೆ ಮಾಡಿ. ಬಸ್ಸೇ ಇಲ್ಲದ ಊರು, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಆಗಲೇ ಮದುವೆಯಾಗಿದೆ ಎನ್ನುವ ಕಡೆ ಮಾತ್ರ ಆನ್‌ಲೈನ್ ಆಗಲಿ, ದೂರಶಿಕ್ಷಣವಾಗಲಿ ಖಂಡಿತ ಮಾಡಿಸಿ. ಏನೂ ಇಲ್ಲದಿರುವುದಕ್ಕಿಂತ ಅದು ನೂರು ಪಾಲು ಮೇಲು. ಹಾಗೆ ಮಾಡಿಸುವಾಗ ದಿನಕ್ಕೆ ಎರಡು ಗಂಟೆ ಅವಳನ್ನು ಯಾರೂ ಕರೆಯಕೂಡದು ಎಂದು ಮನೆಯ ಹಿರಿಯರೇ ಕಟ್ಟಪ್ಪಣೆ ಮಾಡಬೇಕು. ಆ ಮಾತನ್ನು ಅವಳ ಬಾಯಿಂದ ಹೇಳಿಸಬೇಡಿ.

ನಮ್ಮೂರಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದ್ರೆ ಹೆಚ್ಚು. ಮನೇಲಿರೋದು ಒಂದೇ ಮೊಬೈಲು. ಸಾಕಾಗುತ್ತಾ?

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಅಂತರ್ಜಾಲದ ಸೌಲಭ್ಯವಿದ್ದ ಮನೆಗಳು ಶೇ. 15ರಷ್ಟು, ಕಂಪ್ಯೂಟರ್ ಇದ್ದ ಮನೆಗಳು ಶೇ. 4.4 ಮಾತ್ರ. ಕೊರೊನಾ ಬಂದೆರಗಿದ್ದು ಆ ಸ್ಥಿತಿಯ ಮೇಲೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೂ ನೋಡಿರುತ್ತೀರಿ. ಅಂದಿನಿಂದ ಟವರ್‌ಗಳು ಬಂದಿವೆ, ಫೋನ್‌ಗಳು ಹೆಚ್ಚಿವೆ. ಆದರೂ ನಮ್ಮಲ್ಲಿ ಜುಲೈ ತಿಂಗಳಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಹೋದರೆ ಟವರೂ ಸತ್ತಂತೆಯೇ.

ಲೆಕ್ಕ ಹಾಕಿ ನೋಡಿ. ಸಾಧಾರಣ ಗುಣಮಟ್ಟದ ವಿಡಿಯೋ ಗಂಟೆಗೆ ಅರ್ಧದಿಂದ ಒಂದು ಜಿಬಿ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು ಒಬ್ಬರ ಎರಡು ಗಂಟೆ ಪಾಠಕ್ಕೆ ಮುಗಿದುಹೋಗುತ್ತದೆ. ಅದೇ ಫೋನ್ ಅಪ್ಪನ ವ್ಯವಹಾರಕ್ಕೂ ಬೇಕು, ತಂಗಿಯ ಹೋಂವರ್ಕ್‌ಗೂ ಬೇಕು. ಇನ್ನು ಲೆಕ್ಕಪತ್ರ, ಪ್ರೋಗ್ರಾಮಿಂಗ್‌ನಂಥ ವಿಷಯಗಳನ್ನು ಅಂಗೈಯಗಲದ ಪರದೆಯಲ್ಲಿ ಕಲಿಯುವುದು ಕಣ್ಣಿಗೂ ತಲೆಗೂ ಶಿಕ್ಷೆ. 2021ರಲ್ಲಿ ಸರ್ಕಾರ ಕಾಲೇಜು ಮಕ್ಕಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಹಂಚಿದ್ದು ಈ ಕಷ್ಟ ಅರಿತೇ.

ಹೀಗೆ ಪರೀಕ್ಷಿಸಿ: ಸೇರುವ ಮುನ್ನ ಎರಡು ವಾರ, ಓದಬೇಕೆಂದಿರುವ ಸಮಯದಲ್ಲೇ, ಓದಬೇಕೆಂದಿರುವ ಜಾಗದಲ್ಲೇ ಕೂತು ಯಾವುದಾದರೂ ಉಚಿತ ಕೋರ್ಸಿನ ಪಾಠ ನೋಡಿ. ಹತ್ತು ದಿನಗಳಲ್ಲಿ ಏಳು ದಿನ ನಿಲ್ಲದೆ ಓಡಿದರೆ ಸೇರಬಹುದು. ಇಲ್ಲದಿದ್ದರೆ ಪಾಠಗಳನ್ನು ಇಳಿಸಿಟ್ಟುಕೊಂಡು ನೋಡಲು ಬಿಡುವ ಕೋರ್ಸ್, ಅಥವಾ ಮುದ್ರಿತ ಪುಸ್ತಕ ಕೊಡುವ ದೂರಶಿಕ್ಷಣವೇ ಕ್ಷೇಮ. ಪುಸ್ತಕಕ್ಕೆ ಕರೆಂಟ್ ಬೇಡ.

ಆನ್‌ಲೈನ್ ಡಿಗ್ರಿಗೆ ಬೆಲೆ ಇದೆಯಾ? ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಾ?

ಮಾನ್ಯತೆ ಇರುವ ಸಂಸ್ಥೆಯಿಂದ ಪಡೆದ ಆನ್‌ಲೈನ್ ಹಾಗೂ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿಯ 2020ರ ನಿಯಮಾವಳಿಯ 22ನೇ ನಿಯಮ ಹೇಳುತ್ತದೆ. 2022ರಲ್ಲಿ ಅದನ್ನೇ ಮತ್ತೊಮ್ಮೆ ಸಾರಿ ಹೇಳಿದ್ದಾರೆ. ಕಾಗದದ ಮಟ್ಟಿಗೆ ಸಂದೇಹ ಬೇಡ. ಖಾಸಗಿ ಕಂಪನಿಯ ಸಂದರ್ಶನದಲ್ಲಿ ಮಾತ್ರ ‘ಇದನ್ನು ಎಲ್ಲಿ ಕಲಿತಿರಿ, ಮಾಡಿ ತೋರಿಸಿ’ ಎಂಬ ಪ್ರಶ್ನೆ ಆನ್‌ಲೈನ್‌ನವರಿಗೆ ಒಂದು ತೂಕ ಹೆಚ್ಚಾಗಿಯೇ ಬರುತ್ತದೆ.

ಇಲ್ಲಿ ಎಚ್ಚರ ಇರಬೇಕಾದದ್ದು ‘ಮಾನ್ಯತೆ ಇರುವ’ ಎಂಬ ಮಾತಿನ ಬಗ್ಗೆ. ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದ್ದರೆ ಸಾಲದು, ಆ ನಿರ್ದಿಷ್ಟ ಕೋರ್ಸಿಗೆ, ಆ ನಿರ್ದಿಷ್ಟ ವರ್ಷಕ್ಕೆ ಅನುಮತಿ ಇರಬೇಕು. ನಮ್ಮ ಮುಕ್ತ ವಿಶ್ವವಿದ್ಯಾನಿಲಯವೇ 2013–14ರಿಂದ ಮಾನ್ಯತೆ ಇಲ್ಲದೆ ನಿಂತು, 2018–19ರಲ್ಲಿ ಅದನ್ನು ಮರಳಿ ಪಡೆಯಿತು. ನಡುವಿನ ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತು ಎಂಬುದು ಆಗ ಓದುತ್ತಿದ್ದವರನ್ನು ಕೇಳಿದರೆ ಗೊತ್ತಾಗುತ್ತದೆ. ಹಾಗಾಗಿ ಯುಜಿಸಿಯ ದೂರಶಿಕ್ಷಣ ವಿಭಾಗವಾದ ಡಿಇಬಿಯ ಜಾಲತಾಣದಲ್ಲಿ ಪಟ್ಟಿಯನ್ನು ನೀವೇ ಕಣ್ಣಾರೆ ನೋಡಿ. 2024ರಿಂದ ಇಂಥ ಕೋರ್ಸಿಗೆ ಸೇರುವ ಪ್ರತಿಯೊಬ್ಬರೂ ಅಲ್ಲೇ ಡಿಇಬಿ ಐಡಿ ಮಾಡಿಕೊಳ್ಳಬೇಕು. ‘ಐಡಿ ಗಿಡಿ ಆಮೇಲೆ ಮಾಡೋಣ, ಮೊದಲು ದುಡ್ಡು ಕಟ್ಟಿ’ ಎನ್ನುವ ಏಜೆಂಟರಿಂದ ದೂರವಿರಿ.

ಯಾವ ಕೋರ್ಸನ್ನು ಆನ್‌ಲೈನಲ್ಲಿ ಮಾಡಲೇಬಾರದು?

ಬಾರದು ಎನ್ನುವುದಕ್ಕಿಂತ, ಮಾಡಲು ಅವಕಾಶವೇ ಇಲ್ಲದ ಪಟ್ಟಿ ದೊಡ್ಡದಿದೆ. ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕಾನೂನು, ವಾಸ್ತುಶಿಲ್ಪ, ಕೃಷಿ, ತೋಟಗಾರಿಕೆ, ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಗಳನ್ನು ಆನ್‌ಲೈನ್ ಇಲ್ಲವೇ ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಪಿಎಚ್‌.ಡಿ.ಯೂ ಇಲ್ಲ. 2025ರಲ್ಲಿ ಮನಶ್ಶಾಸ್ತ್ರವನ್ನೂ ಆರೋಗ್ಯಕ್ಕೆ ಸಂಬಂಧಿಸಿದ ಇನ್ನು ಕೆಲವು ವಿಷಯಗಳನ್ನೂ ಈ ಪಟ್ಟಿಗೆ ಸೇರಿಸಿದರು. ಯಾರಾದರೂ ಆನ್‌ಲೈನ್ ಎಲ್‌ಎಲ್‌ಬಿ, ಆನ್‌ಲೈನ್ ನರ್ಸಿಂಗ್ ಎಂದು ಜಾಹೀರಾತು ಕೊಟ್ಟರೆ ಅಲ್ಲಿಗೆ ಮಾತು ಮುಗಿಸಿ.

ಆನ್‌ಲೈನ್ ಅಂದ್ರೆ ಅಗ್ಗ ತಾನೆ?

ಹಳ್ಳಿಯ ಮಕ್ಕಳಿಗೆ ಹಾಗೇನಿಲ್ಲ. ಸರ್ಕಾರಿ ಪದವಿ ಕಾಲೇಜಿನ ಶುಲ್ಕ ಕೆಲವೇ ಸಾವಿರ, ಖಾಸಗಿ ಆನ್‌ಲೈನ್ ಡಿಗ್ರಿಗೆ ಲಕ್ಷ ದಾಟುವುದುಂಟು. ಅದರ ಮೇಲೆ ಲ್ಯಾಪ್‌ಟಾಪ್, ತಿಂಗಳ ಇಂಟರ್‌ನೆಟ್, ಪರೀಕ್ಷೆಗೆಂದು ನಗರಕ್ಕೆ ಹೋಗಿಬರುವ ಖರ್ಚು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು ಓದಬೇಕಾದವರಿಗೆ ಮಾತ್ರ ಲೆಕ್ಕ ಆನ್‌ಲೈನ್ ಕಡೆ ವಾಲುತ್ತದೆ. ವಿದ್ಯಾರ್ಥಿವೇತನ ನಂಬಿಕೊಂಡಿದ್ದರೆ ಈ ಬಗೆಯ ಪ್ರವೇಶಕ್ಕೂ ಅದು ಸಿಗುತ್ತದೆಯೇ ಎಂದು ಅದನ್ನು ಕೊಡುವ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡೇ ಶುಲ್ಕ ಕಟ್ಟಿ.

## ಸೇರಿದ ಮೇಲೆ

ನಾನು ಕನ್ನಡ ಮೀಡಿಯಂ. ವಿಡಿಯೋದಲ್ಲಿ ಇಂಗ್ಲಿಷು ಓಡ್ತಾನೇ ಇರುತ್ತೆ, ಅರ್ಥ ಆಗಲ್ಲ. ಏನು ಮಾಡ್ಲಿ?

ತರಗತಿಯಲ್ಲಿ ನಾನು ‘ಡಿಪ್ರಿಸಿಯೇಷನ್’ ಅಂದ ಕೂಡಲೇ ಹಿಂದಿನ ಬೆಂಚಿನವರ ಮುಖ ಸಪ್ಪಗಾಗುತ್ತದೆ. ಅದನ್ನು ನೋಡಿ ‘ಅಪ್ಪನ ಟಿಲ್ಲರ್ ವರ್ಷ ವರ್ಷ ಹಳೆಯದಾಗಿ ಬೆಲೆ ಇಳಿಯುತ್ತಲ್ಲ, ಅದೇ ಸವಕಳಿ’ ಎನ್ನುತ್ತೇನೆ. ಮುಖ ಬೆಳಗುತ್ತದೆ. ರೆಕಾರ್ಡ್ ಆದ ವಿಡಿಯೋ ಮುಖ ನೋಡಲಾರದು. ಕನ್ನಡ ಮಾಧ್ಯಮದ ಮಕ್ಕಳು ಆನ್‌ಲೈನ್‌ನಲ್ಲಿ ಕಳೆದುಕೊಳ್ಳುವ ದೊಡ್ಡ ವಸ್ತು ಇದು.

ಹಾಗೆಂದು ದಾರಿ ಇಲ್ಲದಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್‌ನ ಹಲವು ಕೋರ್ಸ್‌ಗಳಿಗೆ ಪಾಠದ ಬರಹ ಕನ್ನಡದಲ್ಲೂ ಸಿಗುತ್ತದೆ. ಮೊದಲು ಆ ಬರಹ ಓದಿ, ಆಮೇಲೆ ವಿಡಿಯೋವನ್ನು ಮುಕ್ಕಾಲು ವೇಗದಲ್ಲಿ ಹಾಕಿ ನೋಡಿ. ಹೊಸ ಪದಗಳಿಗೆ ಒಂದು ನೋಟ್‌ಬುಕ್ ಇಟ್ಟು ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮದೇ ಕನ್ನಡದಲ್ಲಿ ಅರ್ಥ, ಕೆಳಗೆ ನಿಮ್ಮೂರಿನ ಒಂದು ಉದಾಹರಣೆ ಬರೆದುಕೊಳ್ಳಿ. ತಿಂಗಳೊಳಗೆ ಅದೇ ಇನ್ನೂರು ಪದಗಳು ಸುತ್ತಿ ಸುತ್ತಿ ಬರುವುದು ಗೊತ್ತಾಗುತ್ತದೆ. ವಿಡಿಯೋವನ್ನು ನೂರು ಸಲ ನಿಲ್ಲಿಸಿ ಕೇಳಿದರೂ ಯಾರೂ ನಗುವುದಿಲ್ಲ. ಕೈ ಎತ್ತಿ ಕೇಳಲು ನಾಚುವವರಿಗೆ ಇದೊಂದು ನಿಜವಾದ ಅನುಕೂಲ.

ರೆಕಾರ್ಡಿಂಗ್ ಇದೆಯಲ್ಲ ನಾಳೆ ನೋಡೋಣ ಅಂತ ಬಿಟ್ಟು ಬಿಟ್ಟು 22 ವಿಡಿಯೋ ಬಾಕಿ ಆಗಿದೆ. ನಾನೊಬ್ಬನೇ ಹೀಗಾ?

ನೀವೊಬ್ಬರೇ ಅಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಉಚಿತ ಆನ್‌ಲೈನ್ ಕೋರ್ಸ್‌ಗಳನ್ನು 2017–18ರಲ್ಲಿ ಪೂರ್ತಿ ಮುಗಿಸಿದವರು ನೂರಕ್ಕೆ ಮೂರು ಜನ. ಅದೇ ಕೋರ್ಸ್‌ಗಳಿಗೆ ದುಡ್ಡು ಕಟ್ಟಿ ಪ್ರಮಾಣಪತ್ರಕ್ಕೆಂದು ಸೇರಿದವರಲ್ಲಿ ನೂರಕ್ಕೆ 46 ಜನ ಮುಗಿಸಿದರು. ಪಾಠ ಒಂದೇ, ಮೇಷ್ಟ್ರು ಒಬ್ಬರೇ. ಕೈಯಿಂದ ಏನಾದರೂ ಹೋಗುತ್ತದೆ ಎಂಬ ಎಳೆಯೊಂದು ಇದ್ದವರು ಕೂತು ಓದಿದರು.

ಈಗ 22 ವಿಡಿಯೋಗಳನ್ನೂ ಸಾಲಾಗಿ ನೋಡಿ ಮುಗಿಸುವ ಹಟ ಬೇಡ, ಅದು ಆಗುವುದಿಲ್ಲ. ಈ ವಾರದ ಪಾಠದಿಂದಲೇ ಶುರು ಮಾಡಿ. ಹಿಂದಿನದರಲ್ಲಿ ಅಸೈನ್‌ಮೆಂಟಿಗೆ ಬೇಕಾದಷ್ಟನ್ನು ಬರಹದಲ್ಲಿ ಓದಿಕೊಳ್ಳಿ. ಎನ್‌ಪಿಟೆಲ್‌ನಂಥ ಕಡೆ 12 ವಾರದ ಕೋರ್ಸಿನಲ್ಲಿ ಉತ್ತಮವಾದ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಹಾಗಾಗಿ ಎರಡು ವಾರ ತಪ್ಪಿದರೆ ದೋಣಿ ಮುಳುಗುವುದಿಲ್ಲ. ಆಮೇಲೆ ಅದೇ ಕೋರ್ಸಿನ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ನನ್ನ ಸಂಪರ್ಕ ತರಗತಿಯಲ್ಲಿದ್ದ ಇಬ್ಬರು ಅಂಗನವಾಡಿ ಕಾರ್ಯಕರ್ತೆಯರು ರಾತ್ರಿ ಒಂಬತ್ತಕ್ಕೆ ಒಬ್ಬರಿಗೊಬ್ಬರು ಫೋನ್ ಮಾಡಿ ಅಂದು ಓದಿದ್ದನ್ನು ಐದು ನಿಮಿಷ ಹೇಳಿಕೊಳ್ಳುತ್ತಿದ್ದರು. ಮೂರು ವರ್ಷ ಹಾಗೇ ನಡೆಸಿ ಇಬ್ಬರೂ ಬಿ.ಎ. ಮುಗಿಸಿದರು.

ಕ್ಯಾಮೆರಾ ಆಫ್ ಮಾಡಿಕೊಂಡು ಕೂತರೆ ಮೇಷ್ಟ್ರಿಗೆ ಯಾಕೆ ಕೋಪ?

ಕೋಪಕ್ಕಿಂತ ಕಳವಳ. ಅರವತ್ತು ಕಪ್ಪು ಚೌಕಗಳ ಮುಂದೆ ಮಾತಾಡುವುದು ಖಾಲಿ ಬಾವಿಗೆ ಕೂಗಿದ ಹಾಗೆ. ಆದರೆ ಕ್ಯಾಮೆರಾ ಹಾಕಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಡೇಟಾ ಉಳಿಸುವುದಕ್ಕಿರಬಹುದು, ಒಂದೇ ಕೋಣೆಯ ಮನೆ ಎಲ್ಲರಿಗೂ ಕಾಣುತ್ತದೆಂಬ ಸಂಕೋಚವಿರಬಹುದು. ಪ್ರಶ್ನೆ ಕೇಳಿದಾಗ ಒಂದು ಸಾಲು ಟೈಪ್ ಮಾಡಿದರೆ ಸಾಕು, ನೀವಿದ್ದೀರಿ ಎಂದು ತಿಳಿಯುತ್ತದೆ.

ತಮ್ಮನಿಗೆ ಪೋಲಿಯೋ. ಕಾಲೇಜಿನ ಎರಡನೇ ಮಹಡಿ ಹತ್ತೋಕಾಗಲ್ಲ. ಅವನಿಗಾದರೂ ಆನ್‌ಲೈನ್ ಒಳ್ಳೆಯದಲ್ವಾ?

ಅವನಿಗೆ ಇಷ್ಟವಿದ್ದರೆ ಖಂಡಿತ ಒಳ್ಳೆಯದು. ಮನೆಯಿಂದ ಹೊರಡುವುದೇ ಅರ್ಧ ದಿನದ ಕೆಲಸವಾಗಿರುವವರಿಗೆ, ಚಿಕಿತ್ಸೆಗೆಂದು ಆಗಾಗ ಆಸ್ಪತ್ರೆಗೆ ಹೋಗುವವರಿಗೆ, ಅಕ್ಷರ ದೊಡ್ಡದು ಮಾಡಿಕೊಂಡು ಓದಬೇಕಾದವರಿಗೆ ಆನ್‌ಲೈನ್ ಬಾಗಿಲು ತೆರೆದಿದೆ. ಆದರೆ ಒಂದು ಮಾತು: ಮಹಡಿ ಹತ್ತಲಾಗದ್ದು ಅವನ ತಪ್ಪಲ್ಲ, ಅವನ ತರಗತಿಯನ್ನು ನೆಲಮಹಡಿಗೆ ಇಳಿಸುವುದು ಕಾಲೇಜಿನ ಹೊಣೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವನ ಬೆನ್ನಿಗಿದೆ. ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೇಳಿ. ಕೇಳಿದ ಮೇಲೂ ಅವನೇ ಮನೆಯಿಂದ ಓದುತ್ತೇನೆಂದರೆ ಅದು ಅವನ ಆಯ್ಕೆ. ಎಲ್ಲಿ ಓದಿದರೂ ಬರೆಯಲು ತೊಂದರೆಯಿದ್ದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಬರಹಗಾರರ ನೆರವು ಕೇಳಿ ಪಡೆಯಬಹುದು.

## ಇನ್ನೂ ಮುಂದಿನ ಪ್ರಶ್ನೆಗಳು

ನನಗೀಗ 34. ಸಹಕಾರ ಸಂಘದಲ್ಲಿ ಕೆಲಸ, ಇಬ್ಬರು ಮಕ್ಕಳು. ನಿಂತುಹೋದ ಡಿಗ್ರಿ ಈಗ ಮಾಡಬಹುದಾ?

ಸಂತೋಷದಿಂದ ಮಾಡಿ. ಆನ್‌ಲೈನ್ ಹುಟ್ಟಿರುವುದೇ ನಿಮ್ಮಂಥವರಿಗೆ ಎಂದು ನಾನು ನಂಬಿದ್ದೇನೆ. ನಿಮಗೆ ಯಾಕೆ ಓದಬೇಕೆಂಬುದು ಗೊತ್ತಿದೆ, ದಿನಕ್ಕೆ ಒಂದು ಗಂಟೆಯ ಬೆಲೆ ಗೊತ್ತಿದೆ. ಸಂಘದ ಲೆಡ್ಜರ್ ಬರೆಯುವ ಕೈಗೆ ಲೆಕ್ಕಶಾಸ್ತ್ರದ ಮೊದಲ ವರ್ಷ ಆಗಲೇ ಅರ್ಧ ಬರುತ್ತಿರುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ಆಸೆ ಹೆಚ್ಚು ಮಾಡಿಕೊಳ್ಳಬೇಡಿ. ರಾತ್ರಿ ಹನ್ನೊಂದರ ತನಕ ಓದುತ್ತೇನೆಂದು ಹೊರಟವರು ಮೂರನೇ ವಾರಕ್ಕೆ ಬೇಸರಪಟ್ಟು ಬಿಡುವುದನ್ನು ಕಂಡಿದ್ದೇನೆ. ಬೆಳಿಗ್ಗೆ ಐದರಿಂದ ಆರೂವರೆ, ಮಕ್ಕಳು ಏಳುವ ಮುನ್ನ, ವಾರಕ್ಕೆ ಐದು ದಿನ ಸಾಕು. ಪರೀಕ್ಷೆಯ ದಿನಗಳಿಗೆ ರಜೆ ಬೇಕೆಂದು ಕಾರ್ಯದರ್ಶಿಗೆ ಈಗಲೇ ಹೇಳಿಡಿ. ಮಾರ್ಚ್ ಕೊನೆಯಲ್ಲಿ ಸಂಘದ ವರ್ಷಾಂತ್ಯದ ಲೆಕ್ಕವೂ ಪರೀಕ್ಷೆಯೂ ಒಟ್ಟಿಗೆ ಬಾರದ ಕೋರ್ಸ್ ನೋಡಿಕೊಳ್ಳಿ. ಇದು ಚಿಕ್ಕ ವಿಷಯವೆನಿಸಬಹುದು, ಆದರೆ ಇದೊಂದಕ್ಕೇ ವರ್ಷ ಕಳೆದುಕೊಂಡವರಿದ್ದಾರೆ.

ರೆಗ್ಯುಲರ್ ಬಿಕಾಂ ಓದ್ತಾ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಕೂಡ ಮಾಡಬಹುದಾ?

ಮಾಡಬಹುದು. ಒಂದು ಪದವಿಯನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ಆನ್‌ಲೈನ್ ಇಲ್ಲವೇ ದೂರಶಿಕ್ಷಣದಲ್ಲಿ ಒಟ್ಟಿಗೆ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಐಐಟಿ ಮದ್ರಾಸ್ ತನ್ನ ಡೇಟಾ ಸೈನ್ಸ್ ಪದವಿಯನ್ನು ಪ್ರಕಟಿಸಿದ್ದು 2020ರಲ್ಲಿ. ಜೆಇಇ ಬೇಡ, ಪಿಯುಸಿಯಲ್ಲಿ ಯಾವ ವಿಭಾಗದವರಾದರೂ ಆಗಬಹುದು, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ಮೊದಲು ನಾಲ್ಕು ವಾರದ ಪಾಠ, ಅಸೈನ್‌ಮೆಂಟ್, ಆಮೇಲೆ ಅರ್ಹತಾ ಪರೀಕ್ಷೆ. ಪಾಠ ಮನೆಯಲ್ಲಾದರೂ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ನಡುವೆ ಡಿಪ್ಲೊಮಾ ಮಟ್ಟದಲ್ಲಿ ನಿಲ್ಲಿಸಿ ಹೊರಬರಲೂ ಅವಕಾಶವಿದೆ.

ನನ್ನ ಮಾತು ಕೇಳುವುದಾದರೆ ಬಿಕಾಂನ ಮೊದಲ ಸೆಮಿಸ್ಟರ್ ಮುಗಿಯಲಿ. ಆ ಫಲಿತಾಂಶ ಕೈಯಲ್ಲಿ ಹಿಡಿದು ಅರ್ಹತಾ ಹಂತಕ್ಕೆ ಸೇರಿ. ಆ ನಾಲ್ಕು ವಾರಗಳೇ ನಿಮ್ಮ ಕೈಯಲ್ಲಿ ಎಷ್ಟಾಗುತ್ತದೆಂದು ಹೇಳಿಬಿಡುತ್ತವೆ. ಎರಡು ಡಿಗ್ರಿಯ ಹೆಮ್ಮೆಗೆ ಬಿದ್ದು ಎರಡರಲ್ಲೂ ಜಸ್ಟ್ ಪಾಸಾಗುವುದು ಯಾರಿಗೂ ಬೇಡ.

ಕಾಲೇಜಿನ ಕೋರ್ಸುಗಳನ್ನೇ ಸ್ವಯಂನಲ್ಲಿ ಮಾಡಬಹುದಂತೆ. ಹಾಗಾದ್ರೆ ನಿಮ್ಮಂಥ ಮೇಷ್ಟ್ರುಗಳು ಯಾಕೆ ಬೇಕು?

ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿದೆ. ಮೊದಲು ಅದು ಶೇ. 20 ಇತ್ತು. ನಾನು ಇದನ್ನು ವಿರೋಧಿಸುವುದಿಲ್ಲ. ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಕ್ಕೆ ಅಧ್ಯಾಪಕರಿಲ್ಲದ ವರ್ಷ ನಾಲ್ಕು ಜನ ಹುಡುಗಿಯರು ಸ್ವಯಂನಲ್ಲಿ ಆ ಕೋರ್ಸ್ ಮಾಡಿದರು. ಕಂಪ್ಯೂಟರ್ ಲ್ಯಾಬಿನಲ್ಲಿ ಮಂಗಳವಾರ, ಗುರುವಾರ ಮೂರು ಗಂಟೆಗೆ ಒಟ್ಟಿಗೆ ಕೂತು ನೋಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತಿದ್ದೆ. ನಾಲ್ಕೂ ಜನ ಪಾಸಾದರು. ಅದೇ ವರ್ಷ ಮನೆಯಲ್ಲೇ ನೋಡಿಕೊಳ್ಳುತ್ತೇವೆ ಎಂದ ಒಂಬತ್ತು ಹುಡುಗರಲ್ಲಿ ಪರೀಕ್ಷೆಗೆ ಹೆಸರು ಕೊಟ್ಟವರು ಇಬ್ಬರು.

ತಾಲ್ಲೂಕು ಕಾಲೇಜುಗಳಿಗೆ ಇದೇ ಸರಿಯಾದ ದಾರಿ ಎಂದು ನನಗನಿಸುತ್ತದೆ. ಎಲ್ಲೋ ಇರುವ ಒಳ್ಳೆಯ ಪ್ರಾಧ್ಯಾಪಕರ ಪಾಠ ಇಲ್ಲಿಗೆ ಬರಲಿ, ಆದರೆ ಕೇಳುವವರು ಒಂದೇ ಕೋಣೆಯಲ್ಲಿ ಕೂರಲಿ, ಅವರ ಜೊತೆ ಒಬ್ಬರು ಮೇಷ್ಟ್ರು ಇರಲಿ. ಅಧ್ಯಾಪಕರ ಹುದ್ದೆ ತುಂಬದೆ ‘ಸ್ವಯಂ ಇದೆಯಲ್ಲ’ ಎಂದು ಕೈತೊಳೆದುಕೊಳ್ಳಲು ಇದು ನೆಪವಾಗಬಾರದು.

ಒಂದು ಸೆಮಿಸ್ಟರ್ ಕಳೀತು. ನನ್ನ ಕೈಲಿ ಆಗ್ತಿಲ್ಲ ಅನ್ನಿಸ್ತಿದೆ. ಬಿಟ್ಟುಬಿಡಲಾ?

ಬಿಡುವುದಕ್ಕೆ ಮುಂಚೆ ಯಾವುದು ಆಗುತ್ತಿಲ್ಲ ಎಂದು ಬರೆದು ನೋಡಿ. ಒಂದು ವಿಷಯ ಮಾತ್ರ ತಲೆಗೆ ಹತ್ತದಿದ್ದರೆ ಹತ್ತಿರದ ಕಾಲೇಜಿನ ಆ ವಿಷಯದ ಮೇಷ್ಟ್ರನ್ನು ಹೋಗಿ ಕಾಣಿ. ನಮ್ಮ ವಿದ್ಯಾರ್ಥಿ ಅಲ್ಲ ಎಂದು ಹಿಂದಕ್ಕೆ ಕಳಿಸುವವರು ಕಡಿಮೆ. ಕೂರಲೇ ಆಗುತ್ತಿಲ್ಲ, ಒಂಟಿತನ ಕಾಡುತ್ತಿದೆ, ರಾತ್ರಿಯೆಲ್ಲ ಫೋನು, ಹಗಲೆಲ್ಲ ನಿದ್ದೆ ಎಂದಾದರೆ ಅದು ಕೋರ್ಸಿನ ಕಷ್ಟವಲ್ಲ, ನಿಮಗೆ ಒಗ್ಗದ ವಿಧಾನದ ಕಷ್ಟ. ಅಂಥಾಗ ರೆಗ್ಯುಲರ್ ಕಾಲೇಜಿಗೆ ಬರುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಪಾಸಾದ ವಿಷಯಗಳ ಕ್ರೆಡಿಟ್, ಅವನ್ನು ಕೂಡಿಡುವ ಆನ್‌ಲೈನ್ ಖಾತೆಯಾದ ಅಕಾಡೆಮಿಕ್ ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೆ ಜಮೆಯಾಗಿದೆಯೇ ಎಂದು ಡಿಜಿಲಾಕರ್‌ನಲ್ಲಿ ನೋಡಿ, ಆ ಪ್ರತಿಯನ್ನು ಹಿಡಿದುಕೊಂಡೇ ಕಾಲೇಜಿಗೆ ಬನ್ನಿ. ಅವನ್ನು ಒಪ್ಪಿಕೊಳ್ಳುವುದು ಸೇರುವ ವಿಶ್ವವಿದ್ಯಾನಿಲಯಕ್ಕೆ ಬಿಟ್ಟದ್ದು, ಪ್ರವೇಶದ ದಿನವೇ ಕೇಳಿ.

ಎರಡು ವರ್ಷದ ಹಿಂದೆ ಹೀಗೇ ಒಬ್ಬ ಹುಡುಗ ಅಪ್ಪನ ಜೊತೆ ಬಂದಿದ್ದ. ಆನ್‌ಲೈನ್ ಬಿಬಿಎಗೆ ಕಟ್ಟಿದ ದುಡ್ಡು ಹೋಯಿತೆಂದು ಅಪ್ಪನಿಗೆ ಸಂಕಟ, ಹುಡುಗ ತಲೆ ಎತ್ತುತ್ತಿರಲಿಲ್ಲ. ಬಿಕಾಂ ಮೊದಲ ವರ್ಷಕ್ಕೆ ಸೇರಿಸಿಕೊಂಡೆವು. ಓರಗೆಯವರು ಎರಡನೇ ವರ್ಷದಲ್ಲಿದ್ದರು. ಮೊದಲ ಎರಡು ವಾರ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂರುತ್ತಿದ್ದ. ಈಗ ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಾನೆ, ಎಕ್ಸೆಲ್‌ನಲ್ಲಿ ಏನಾದರೂ ತೊಡಕಾದರೆ ಉಳಿದವರು ಅವನ ಹತ್ತಿರವೇ ಹೋಗುತ್ತಾರೆ. ಅದನ್ನು ಅವನು ಕಲಿತಿದ್ದು ಆ ಒಂದು ಆನ್‌ಲೈನ್ ಸೆಮಿಸ್ಟರಿನಲ್ಲಿ.